ಕಲ್ಲುಗುಡ್ಡೆಯಿಂದ ಎಡಕ್ಕೆ

ಇರ್ಮಾಗೆ ಬೆಟ್ಟ ಹತ್ತಲು ಬರುವುದಿಲ್ಲ. ಸ್ವಾನೇತಿ ಎಂಬ ಬೆಟ್ಟಸೀಮೆಯ ಆ ಏಳೇ ಏಳು ಮನೆಗಳ ಖೆಲ್ದಿ ಹಳ್ಳಿಗೆ ಸೊಸೆಯಾಗಿ ಬಂದು ನಾಲ್ಕು ವರ್ಷವಾದರೂ ಅವಳು ಇಗರ್ಜಿಯ ಹಿಂದಿನ ಹುಲ್ಲುಗಾವಲಿಗಿಂತ ಮೇಲೆ ಕಾಲಿಟ್ಟವಳಲ್ಲ. ಹಾಗಿದ್ದೂ ಲಾಖ್ರಾ ಶಿಖರ ಹತ್ತಬೇಕೆಂದು ಪ್ರಾಗಿನಿಂದಲೋ ಕ್ರಾಕೋವಿನಿಂದಲೋ ಹಗ್ಗ ಹೊತ್ತು ಬಂದವರು ಮೊದಲು ಕೇಳುವುದು ಅವಳನ್ನೇ. ಏಕೆಂದರೆ ಪುಸ್ತಕಗಳಿರುವುದು ಅವಳ ಹತ್ತಿರ.

ಅದು ಶುರುವಾದದ್ದು ಒಂದು ಒದ್ದೆ ಪುಸ್ತಕದಿಂದ. ಮದುವೆಯಾದ ವರ್ಷ, ಬೆಟ್ಟ ಹತ್ತಲು ಬಂದು ದುಡ್ಡು ಕೊಟ್ಟು ಅವರ ಮನೆಯಲ್ಲಿ ತಂಗಿದ್ದ ಯಾರೋ ಅತಿಥಿ, ಮಳೆಯಲ್ಲಿ ನೆಂದು ಮುದ್ದೆಯಾದ ದಾರಿಪುಸ್ತಕವೊಂದನ್ನು ಒಲೆಯ ಪಕ್ಕದ ಸೌದೆಗೂಡೆಯಲ್ಲಿ ಎಸೆದು ಹೋಗಿದ್ದ. ರಾಜಧಾನಿ ಟಿಬಿಲಿಸಿಯ ಗ್ರಂಥಾಲಯವೊಂದರಲ್ಲಿ ಮೂರು ವರ್ಷ ಕೆಲಸ ಮಾಡಿದ ಹುಡುಗಿಗೆ ಅದನ್ನು ನೋಡಿ ಸುಮ್ಮನಿರಲಾಗಲಿಲ್ಲ. ಒಂದೊಂದೇ ಹಾಳೆ ಬಿಡಿಸಿ ಒಲೆಯ ಮೇಲೆ ಒಣಗಿಸಿದಳು. ಅದು ಉಳಿಯಿತು. ಆಮೇಲೆ ಬಂದವರು ತಾವೇ ಒಂದೊಂದು ಬಿಟ್ಟುಹೋದರು. ಈಗ ಜಗಲಿಯ ಗೋಡೆಯ ಹಲಗೆಯ ಮೇಲೆ ಮೂವತ್ತೊಂದು ಪುಸ್ತಕಗಳಿವೆ, ಆರು ಭಾಷೆಗಳಲ್ಲಿ.

ಬೆಟ್ಟ ಹತ್ತದಿದ್ದರೂ ಪುಸ್ತಕದ ಸುಳ್ಳು ಹಿಡಿಯುವುದನ್ನು ಅವಳು ಕಲಿತಳು. ತಾನೇ ಹತ್ತಿ ಬರೆದವನು "ಇಲ್ಲಿ ನೀರು ಸಿಗುವುದಿಲ್ಲ" ಎಂದು ಬರೆಯುತ್ತಾನೆ. ಇನ್ನೊಬ್ಬರದನ್ನು ನೋಡಿ ಬರೆದವನು ನೋಟದ ಸೊಬಗನ್ನು ವರ್ಣಿಸುತ್ತಾನೆ. ನಡಿಗೆಗೆ ಹಿಡಿಯುವ ಹೊತ್ತನ್ನು ನಿಮಿಷ ಬಿಟ್ಟು ಬರೀ ಪೂರ್ತಿ ಗಂಟೆಗಳ ಲೆಕ್ಕದಲ್ಲಿ ಕೊಟ್ಟವನನ್ನು ನಂಬಬಾರದು. ಎಲ್ಲಕ್ಕಿಂತ ಮುಖ್ಯ, ಪುಸ್ತಕದ ವಯಸ್ಸು. ಹಿಮನದಿ ವರ್ಷವರ್ಷವೂ ಕುಗ್ಗುತ್ತಿದೆ. "ಹಿಮದಿಂದ ಒಂದು ಹೆಜ್ಜೆ ಎತ್ತಿಟ್ಟರೆ ಬಂಡೆ" ಎಂದು ಹಳೆಯ ಪುಸ್ತಕ ಹೇಳುವಲ್ಲಿ ಈಗ ಮೂರಾಳು ಎತ್ತರದ ನುಣುಪು ಗೋಡೆ ಎದ್ದು ನಿಂತಿದೆ. ಹಾಗಾಗಿ ಅವಳದು ಒಂದೇ ಸೂತ್ರ: ಹೊಸದನ್ನೇ ಒಯ್ಯಿರಿ.

ಅವಳ ಗಂಡ ಗೇಗಿ ದಾರಿ ತೋರಿಸುವ ಕಸುಬಿನವನು. ಅವನಿಗೆ ಪುಸ್ತಕ ಬೇಡ. ಬೇಸಿಗೆಯಲ್ಲಿ ಅವನು ತಿಂಗಳಿಗೆ ಎಂಟು ದಿನ ಮನೆಯಲ್ಲಿದ್ದರೆ ಹೆಚ್ಚು. ಚಳಿಗಾಲದಲ್ಲಿ ಇರುತ್ತಾನೆ, ಆದರೆ ಆಗ ಹಿಮ ಕಿಟಕಿಯವರೆಗೆ ಬಂದಿರುತ್ತದೆ, ರಸ್ತೆ ಇರುವುದಿಲ್ಲ. "ಆರು ತಿಂಗಳು ಹಿಮದಲ್ಲಿ ಹೂತು ಹೋಗ್ತೀಯ, ಉಳಿದ ಆರು ತಿಂಗಳು ಬಟ್ಟಲು ತೊಳೀತೀಯ" ಎಂದು ಇರ್ಮಾಳ ತಾಯಿ ಮದುವೆಗೆ ಮೊದಲೇ ಹೇಳಿದ್ದಳು. ಹೇಳಿದ ಮಾತು ಒಂದಕ್ಷರ ತಪ್ಪಾಗಲಿಲ್ಲ ಎಂಬುದೇ ಇರ್ಮಾಗೆ ಸಿಟ್ಟು.

ಮಗಳು ಲಿಲೆ ಹುಟ್ಟಿದ ಮೇಲಂತೂ ಮನೆ ಇನ್ನೂ ಚಿಕ್ಕದಾಯಿತು. ಜಗಲಿ ಉದ್ದಕ್ಕೆ ಹನ್ನೊಂದು ಹೆಜ್ಜೆ. ಹದಿನೈದು ತಿಂಗಳ ಕೂಸನ್ನು ಸೊಂಟಕ್ಕೇರಿಸಿ ಆ ಹನ್ನೊಂದು ಹೆಜ್ಜೆಯಲ್ಲೇ ಅವಳು ಹೋಗುತ್ತ ಬರುತ್ತ ಇರುತ್ತಾಳೆ. ಕೆಳಗೆ ಬಿಟ್ಟರೆ ಹಸು ತುಳಿದೀತು, ಮನೆ ಪಕ್ಕದ ಹಳೆಯ ಕಾವಲುಗೋಪುರದ ಕಲ್ಲು ಉರುಳೀತು, ಒಲೆ ಸುಟ್ಟೀತು, ಜರ್ದಾಳು ಹಣ್ಣಿನ ಬೀಜ ಗಂಟಲಲ್ಲಿ ಸಿಕ್ಕೀತು. ಒಂದೂ ಆಗಿರಲಿಲ್ಲ. ಆಗಿಲ್ಲ ಎಂಬುದರಿಂದ ಅವಳಿಗೆ ಸಮಾಧಾನವೂ ಇರಲಿಲ್ಲ.

ಅತ್ತೆ ಮಾಕ್ವಾಲಾಗೆ ಇದೆಲ್ಲ ತಮಾಷೆ. ಅರವತ್ತೆಂಟರ ಆ ಹೆಂಗಸು ಏಳು ವರ್ಷದಿಂದ ಕಪ್ಪು ಬಟ್ಟೆ ಬಿಟ್ಟು ಬೇರೆ ಉಟ್ಟಿಲ್ಲ. ಅವಳ ಹಿರಿಮಗ ಅಂಜೋರ್ ಲಾಖ್ರಾದಲ್ಲಿ ಬಿದ್ದು ಸತ್ತಿದ್ದ. ಎಲ್ಲಿ, ಹೇಗೆ ಎಂಬುದನ್ನು ಆ ಮನೆಯಲ್ಲಿ ಯಾರೂ ಬಾಯಿಬಿಡುವುದಿಲ್ಲ. ಒಲೆಯ ಮುಂದೆ ಆ ಜಾಗದ ಹೆಸರೆತ್ತಬಾರದು. ಜಗಲಿಯಿಂದ ಶಿಖರ ಎದುರಿಗೇ ಕಾಣುತ್ತದೆ, ಆದರೆ ಮಾಕ್ವಾಲಾ ತನ್ನ ಮಣೆಯನ್ನು ಗೋಡೆಯ ಕಡೆ ತಿರುಗಿಸಿಕೊಂಡೇ ಕೂರುತ್ತಾಳೆ. ಹಾಲು ಕರೆಯುವಾಗಲೂ ಬೆನ್ನು ಬೆಟ್ಟಕ್ಕೆ.

ಆಗಸ್ಟ್ ಕೊನೆಯ ಒಂದು ಮಂಗಳವಾರ ಬೆಳಿಗ್ಗೆ ಚೆಕ್ ದೇಶದ ಇಬ್ಬರು ಜಗಲಿ ಹತ್ತಿದರು, ರಾಡಿಮ್ ಮತ್ತು ಅವನ ಹೆಂಡತಿ ಹಾನಾ. ಮಾಂಸ ತುಂಬಿದ ರೊಟ್ಟಿ ತಿಂದು, ಎಣ್ಣೆ ಕೈ ಒರೆಸಿಕೊಂಡು ಹಲಗೆಯ ಮುಂದೆ ನಿಂತರು. ರಾಡಿಮ್ ತಡಕಿ ತೆಗೆದದ್ದು ಬೂದು ಬಟ್ಟೆಯ ರಟ್ಟಿನ, ಹಾಳೆಯೆಲ್ಲ ಕಂದಾದ ರಷ್ಯನ್ ಪುಸ್ತಕ.

"ಇದೇ! ನಮ್ಮಪ್ಪ ಇದನ್ನ ಹಿಡ್ಕೊಂಡೇ ಎಪ್ಪತ್ತೊಂಬತ್ತರಲ್ಲಿ ಲಾಖ್ರಾ ಹತ್ತಿದ್ದು" ಎಂದ.

"ನಿಮ್ಮಪ್ಪ ತುಳಿದ ಹಿಮ ಈಗ ಕೆಳಗೆ ಕಪ್ಪು ಸಮುದ್ರದಲ್ಲಿದೆ" ಎಂದಳು ಇರ್ಮಾ. "ಈ ಪುಸ್ತಕ ಬೇಡ. ನೀಲಿದು ತಗೊಳ್ಳಿ. ಹೋದ ವರ್ಷದ್ದು, ಪ್ರತಿ ತಿರುವಿಗೂ ಫೋಟೋ ಇದೆ."

"ಎರಡನ್ನೂ ಒಯ್ದರೆ?"

"ಎರಡು ಪುಸ್ತಕ ಒಯ್ದೋರು ಅರ್ಧ ದಾರೀಲಿ ಜಗಳ ಆಡ್ತಾರೆ" ಎಂದು ಅವನ ಕೈಯಿಂದ ಬೂದು ಪುಸ್ತಕವನ್ನು ಮೆಲ್ಲಗೆ ಕಿತ್ತು ಹಲಗೆಗೆ ಸೇರಿಸಿದಳು. ಹಾನಾ ನಕ್ಕಳು. "ಸರಿಯಾಗಿ ಹೇಳಿದ್ರಿ. ನಮಗೆ ಜಗಳಕ್ಕೆ ಪುಸ್ತಕ ಬೇಡವೇ ಬೇಡ."

ಗೋಡೆಗೆ ಮುಖ ಮಾಡಿ ಬಟಾಣಿ ಸುಲಿಯುತ್ತಿದ್ದ ಮಾಕ್ವಾಲಾ ತನ್ನ ಭಾಷೆಯಲ್ಲಿ ಗೊಣಗಿದಳು: "ಪುಸ್ತಕ ನೋಡಿ ಬೆಟ್ಟ ಹತ್ತೋ ಜನ. ಮಕ್ಕಳನ್ನೂ ಪುಸ್ತಕ ನೋಡೇ ಹುಟ್ಟಿಸ್ತಾರೋ ಏನೋ."

ಇಬ್ಬರೂ ಹೊರಟರು. ಸಂಜೆಯೊಳಗೆ ಹಿಮನದಿಯ ಬುಡದಲ್ಲಿ ಡೇರೆ, ಮಾರನೆಯ ದಿನ ಬೆಳಗಿಗೆ ಮುಂಚೆ ಹತ್ತಲು ಶುರು, ಹತ್ತು ಹನ್ನೊಂದಕ್ಕೆ ಇಳಿಯುವ ದಾರಿ.

ಮಧ್ಯಾಹ್ನ ಲಿಲೆ ಹಲ್ಲು ಬರುವ ಜ್ವರಕ್ಕೆ ಕಿರಿಕಿರಿ ಮಾಡಿ ಮಾಡಿ ನಿದ್ದೆ ಹೋಯಿತು. ಇರ್ಮಾಗೆ ಸುಮ್ಮನೆ ಕೂತರೆ ಯೋಚನೆ ಹತ್ತುತ್ತದೆ. ಅಪ್ಪನ ನೆನಪಿಗೆ ಕೈಹಾಕಿದವನಿಂದ ಪುಸ್ತಕ ಕಿತ್ತುಕೊಂಡೆನಲ್ಲ ಎಂದು ಮನಸ್ಸು ಚುಚ್ಚಿ, ಬೂದು ಪುಸ್ತಕ ತೆರೆದು ಲಾಖ್ರಾದ ಪುಟ ಓದತೊಡಗಿದಳು. ಇಳಿಯುವ ದಾರಿಯ ಬಗ್ಗೆ ನಾಲ್ಕೇ ಸಾಲು. ಬೆಟ್ಟದ ಬೆನ್ನೆಲುಬಿನಂತಿರುವ ಏಣಿನ ಮೇಲೆ ನೇರವಾಗಿ ನಡೆದು ಕೆಂಪು ಬಂಡೆ ಸಿಕ್ಕ ಮೇಲೆ ಬಲಕ್ಕೆ ಇಳಿಯತಕ್ಕದ್ದು. ಅದಕ್ಕೂ ಮೊದಲು ಎಡಕ್ಕೆ ಸಿಗುವ ಕೊರಕಲಿಗೆ ಯಾವ ಕಾಲದಲ್ಲೂ ಇಳಿಯಕೂಡದು.

ನೀಲಿ ಪುಸ್ತಕದ ಇನ್ನೊಂದು ಪ್ರತಿ ಹಲಗೆಯಲ್ಲಿತ್ತು. ಅದರಲ್ಲಿ ಹೀಗಿತ್ತು: ಏಣಿನ ಮೇಲೆ ಸ್ಥಳೀಯರು ಗುರುತಿಗೆಂದು ನಿಲ್ಲಿಸಿರುವ ದೊಡ್ಡ ಕಲ್ಲುಗುಡ್ಡೆ ಸಿಗುತ್ತದೆ, ಕಲ್ಲುಗುಡ್ಡೆಯಿಂದ ಎಡಕ್ಕೆ ಇಳಿದರೆ ಎರಡು ಗಂಟೆಯ ದಾರಿ ಉಳಿತಾಯವಾಗುತ್ತದೆ. ಜೊತೆಗೆ ಫೋಟೋ. ಎದೆಮಟ್ಟದ, ಅಚ್ಚುಕಟ್ಟಾಗಿ ಜೋಡಿಸಿದ ಗುಡ್ಡೆ. ಅದರ ಪಕ್ಕದಿಂದ ಕೆಳಕ್ಕೆ ಬಾಣದ ಗುರುತು.

ಇರ್ಮಾ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ನಾಲ್ಕು ಸಲ ಓದಿದಳು. ಹೊಸ ದಾರಿ ಹುಟ್ಟಿರಬಹುದು ಎಂದುಕೊಂಡಳು. ಆದರೆ ಹಿಮ ಕರಗಿದರೆ ಕೊರಕಲು ಒಳ್ಳೆಯದಾಗುವುದಿಲ್ಲ, ಕಲ್ಲು ಸಡಿಲವಾಗುತ್ತದೆ. ಅಷ್ಟು ಅವಳಿಗೂ ಗೊತ್ತು. ಸ್ಥಳೀಯರು ಅಂದರೆ ಯಾರು? ಈ ಕಣಿವೆಯಲ್ಲಿ ಸ್ಥಳೀಯರೆಂದರೆ ಏಳು ಮನೆ. ಗೇಗಿಗೆ ಫೋನು ಮಾಡಿದಳು. ಅವನು ಪಕ್ಕದ ಕಣಿವೆಯಲ್ಲಿ ನಾಲ್ಕು ದಿನದ ನಡಿಗೆಗೆ ಜನರನ್ನು ಕರೆದೊಯ್ದಿದ್ದ. ಅಲ್ಲಿ ಸಿಗ್ನಲ್ ಇರಲಿಲ್ಲ. ರಾಡಿಮನ ಫೋನು ಆಗಲೇ ಬಂದ್.

ಕೊಟ್ಟಿಗೆಗೆ ಹೋದಳು. ಮಾಕ್ವಾಲಾ ಹಾಲು ಕರೆಯುತ್ತಿದ್ದಳು.

"ಅತ್ತೆ, ಲಾಖ್ರಾದ ಏಣಿನ ಮೇಲೆ ಕಲ್ಲುಗುಡ್ಡೆ ಇದೆಯಲ್ಲ, ಅದನ್ನ ಕಟ್ಟಿದ್ದು ಯಾರು?"

ಬಕೆಟ್ಟಿನಲ್ಲಿ ಹಾಲಿನ ಸದ್ದು ನಿಂತಿತು.

"ಹಸು ಮುಂದೆ ಅಂಥ ಮಾತು ಆಡ್ಬೇಡ."

"ಅತ್ತೆ, ಪುಸ್ತಕದಲ್ಲಿ ಅದರ ಫೋಟೋ ಹಾಕಿದ್ದಾರೆ. ಅಲ್ಲಿಂದ ಎಡಕ್ಕೆ ಇಳೀರಿ ಅಂತ ಬರೆದಿದ್ದಾರೆ. ಬೆಳಿಗ್ಗೆ ಹೋದ್ರಲ್ಲ, ಆ ಇಬ್ಬರ ಕೈಲೂ ಅದೇ ಪುಸ್ತಕ. ನಾನೇ ಕೊಟ್ಟಿದ್ದು."

ಮಾಕ್ವಾಲಾ ತಿರುಗಲಿಲ್ಲ. ಹಸುವಿನ ಹೊಟ್ಟೆಗೆ ಹಣೆ ಆನಿಸಿಕೊಂಡು ಕೂತೇ ಇದ್ದಳು. ಆಮೇಲೆ ಹಸುವಿಗೇ ಹೇಳುವಂತೆ ಹೇಳಿದಳು.

"ಅಲ್ಲೇ ಅವನು ಎಡಕ್ಕೆ ಇಳಿದಿದ್ದು. ಬೇಗ ಮನೆ ಸೇರ್ಬೇಕು ಅಂತ. ಮೂರನೇ ದಿನ ನಮ್ಮೋರು ಹೆಣ ತಂದ್ರು. ಆದ್ರೆ ಬೆಟ್ಟದಲ್ಲಿ ಸತ್ತೋನ ಜೀವ ತಾನಾಗೇ ಮನೆಗೆ ಬರಲ್ಲ, ಕರ್ಕೊಂಡು ಬರ್ಬೇಕು. ಗೇಗಿ, ಇನ್ನಿಬ್ಬರು ಹುಂಜ ಹೊತ್ಕೊಂಡು, ತಂತಿವಾದ್ಯ ಹೊತ್ಕೊಂಡು ಮೇಲೆ ಹೋದ್ರು. ಅವನು ಹೆಜ್ಜೆ ಇಟ್ಟ ಜಾಗದಲ್ಲಿ ಕೂತು ಬಾರಿಸಿದ್ರು. ಹುಂಜ ಕೂಗಿದ ಮೇಲೆ ಕರ್ಕೊಂಡು ಬಂದ್ರು. ಕೂತ ಜಾಗದಲ್ಲಿ ಕಲ್ಲು ಪೇರಿಸಿಬಂದ್ರು. ದಾರಿಗೆ ಅಲ್ಲ ಹುಡುಗಿ. ಅವನಿಗೆ."

"ಯಾರೂ ಬರೆದೇ ಇಲ್ವಲ್ಲ ಅತ್ತೆ..."

"ಊರಿಗೆಲ್ಲ ಗೊತ್ತಿರೋದನ್ನ ಯಾರು ಬರೀತಾರೆ?"

ಊರಿನವರು ಮಗನಿಗೆಂದು ಇಟ್ಟ ಕಲ್ಲನ್ನು ಎಲ್ಲಿಯದೋ ಒಬ್ಬ ಲೇಖಕ ದಾರಿಯ ಗುರುತೆಂದು ಓದಿದ್ದ. ಅವನ ಮಾತನ್ನು ಅಚ್ಚಾದ ವರ್ಷ ನೋಡಿ ಇರ್ಮಾ ನಂಬಿದ್ದಳು. ಪೇಟೆಯ ರಕ್ಷಣಾ ತಂಡದವರಿಗೆ ಫೋನು ಮಾಡಿದಳು. ಬೆಳಕು ಹರಿಯುತ್ತಲೇ ಹೊರಡುತ್ತೇವೆ, ತಲುಪುವಾಗ ಮಧ್ಯಾಹ್ನವಾದೀತು ಎಂದರು. ಹಳ್ಳಿಯ ಗಂಡಸರೆಲ್ಲ ಹುಲ್ಲು ಕೊಯ್ಯಲು ಹೊಳೆಯಾಚೆಯ ಮೇಲಿನ ಗೋಮಾಳಕ್ಕೆ ಹೋಗಿದ್ದರು, ಬರುವುದು ಶನಿವಾರ.

"ನಾನು ಹೋಗ್ತೀನಿ" ಎಂದಳು ಇರ್ಮಾ. ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಬೆದರಿದಳು.

ಮಾಕ್ವಾಲಾ ಎದ್ದು ಬಕೆಟ್ಟನ್ನು ಅವಳ ಕೈಗೆ ಕೊಟ್ಟಳು. "ಕುದುರೆ ಹತ್ತೋಕೆ ಬರತ್ತಾ ನಿಂಗೆ?"

"ಇಲ್ಲ."

"ಹೊಳೆ ಎಲ್ಲಿ ದಾಟ್ಬೇಕು ಗೊತ್ತಾ?"

"ಇಲ್ಲ."

"ಮಗು ರಾತ್ರಿ ಎದ್ದು ಹಾಲಿಗೆ ಅತ್ರೆ ನಾನು ಕುಡಿಸ್ಲಾ, ಈ ವಯಸ್ಸಲ್ಲಿ?" ಎಂದು ತನ್ನ ಎದೆಯ ಕಡೆ ನೋಡಿಕೊಂಡು, "ಹಾಲು ಕಾಯಿಸಿಡು. ಕೆನೆ ತೆಗೀಬೇಡ" ಎಂದಳು.

ಮಾಕ್ವಾಲಾ ಮುದಿ ಕುದುರೆಗೆ ಜೀನು ಬಿಗಿದಳು. ಕಪ್ಪು ಶಾಲು, ಕಾಲು ರೊಟ್ಟಿ, ಒಂದು ಕೋಲು. ಇರ್ಮಾ ಓಡಿಹೋಗಿ ಬೂದು ಪುಸ್ತಕದ ಆ ಪುಟವನ್ನು ಹರಿದಳು. ಜೀವಮಾನದಲ್ಲಿ ಪುಸ್ತಕದ ಹಾಳೆ ಹರಿದದ್ದು ಅದೇ ಮೊದಲು. ಎಡಕ್ಕೆ ಇಳಿಯಬೇಡಿ ಎಂದು ಅಂಚಿನಲ್ಲಿ ಇಂಗ್ಲಿಷಿನಲ್ಲಿ ದಪ್ಪಗೆ ಬರೆದು ಅತ್ತೆಯ ಕೈಗಿಟ್ಟಳು. ಮಾಕ್ವಾಲಾ ಅದನ್ನು ನಾಲ್ಕು ಮಡಿಕೆ ಮಾಡಿ ಎದೆಯೊಳಗೆ ಸಿಕ್ಕಿಸಿ, ಏಳು ವರ್ಷದಲ್ಲಿ ಮೊದಲ ಸಲ ಬೆಟ್ಟದ ಕಡೆ ಮುಖ ಮಾಡಿ ಹೊರಟಳು.

ಹೊರಟದ್ದು ಸಂಜೆ ಐದಕ್ಕೆ. ಮುದುಕಿ ಕಣ್ಮರೆಯಾದ ಮೇಲೆ ಇರ್ಮಾಗೆ ಹೊಳೆಯಿತು: ಬಿಸಿಲಿನ ದಿನ ಸಂಜೆಗೆ ಹಿಮದ ಹೊಳೆ ಉಕ್ಕುತ್ತದೆ, ಬೆಳಿಗ್ಗೆ ಮೊಣಕಾಲಿಗೆ ಬರುವ ನೀರು ಆಗ ಕುದುರೆಯ ಹೊಟ್ಟೆಗೆ ಬರುತ್ತದೆ. ಅತ್ತೆಗೆ ಗೊತ್ತಿಲ್ಲದೆ ಇರುತ್ತದೆಯೇ? ಗೊತ್ತಿದ್ದೂ ಹೋದಳಲ್ಲ. ಈಗ ಬೆಟ್ಟದ ಮೇಲೆ ಇಬ್ಬರಿರುವ ಕಡೆ ಮೂವರಾದರು. ಮೂವರನ್ನೂ ಕಳಿಸಿದವಳು ತಾನು. ತಾನು ಮಾತ್ರ ಹನ್ನೊಂದು ಹೆಜ್ಜೆಯ ಜಗಲಿಯಲ್ಲಿ, ಸೊಂಟದ ಮೇಲೆ ಬಿಸಿ ಕೂಸು.

ಬೆಳಿಗ್ಗೆ ಆಕಾಶ ಸ್ವಚ್ಛವಾಗಿತ್ತು. ಗೇಗಿಯ ದುರ್ಬೀನು ಹಿಡಿದು ಎಂಟಕ್ಕೇ ನಿಂತಳು. ಲಿಲೆ ಅದರ ಪಟ್ಟಿ ಎಳೆಯಿತು, ಗಾಜು ನೆಕ್ಕಿತು, ಕೊಡಲಿಲ್ಲವೆಂದು ಕಿರುಚಿತು. ಕೊನೆಗೆ ಇರ್ಮಾ ಶಾಲೊಂದನ್ನು ಮಗುವಿನ ಸೊಂಟಕ್ಕೆ ಸುತ್ತಿ ಇನ್ನೊಂದು ತುದಿಯನ್ನು ಜಗಲಿಯ ಕಂಬಕ್ಕೆ ಕಟ್ಟಿದಳು. ಕೂಸು ಶಾಲು ಬಿಗಿಯುವವರೆಗೆ ನಡೆಯುತ್ತದೆ, ಕುಸಿದು ಕೂರುತ್ತದೆ, ಮತ್ತೆ ಎದ್ದು ಅಲ್ಲಿಗೇ ನಡೆಯುತ್ತದೆ.

"ಸಾಕು ಕಣೆ, ಅಮ್ಮಾ, ಸಾಕು. ಅಲ್ಲಿಂದಾಚೆಗೆ ಇಲ್ಲ" ಎಂದಳು ಇರ್ಮಾ. ಮಗು ಕೇಳಲಿಲ್ಲ.

ಹತ್ತೂವರೆಗೆ ಏಣಿನ ಮೇಲೆ ಎರಡು ಚುಕ್ಕೆ ಕಂಡವು. ಒಂದು ಕೆಂಪು, ಒಂದು ಹಳದಿ. ಅಂದರೆ ಅತ್ತೆ ತಲುಪಿಲ್ಲ. ತಲುಪಿದ್ದರೆ ಹತ್ತುವ ಮೊದಲೇ ತಡೆದಿರುತ್ತಿದ್ದಳು. ಅಥವಾ ತಲುಪಿ, ಪುಟ ಕೊಟ್ಟು, ಅವರು ಅದನ್ನು ಓದಿಕೊಂಡೇ ಹತ್ತಿರಬಹುದು. ಅಥವಾ ಹೊಳೆ. ಹೊಳೆಯ ಯೋಚನೆ ಬಂದಾಗಲೂ ಅವಳು ದುರ್ಬೀನನ್ನು ಕೆಳಗಿಳಿಸಲಿಲ್ಲ.

ಚುಕ್ಕೆಗಳು ನಿಧಾನವಾಗಿ ಬಂದವು. ಒಂದು ಕಡೆ ನಿಂತವು. ಅಲ್ಲೇ ಗುಡ್ಡೆ ಇರಬೇಕು. ಬಂಡೆಯ ಬಣ್ಣದಲ್ಲೇ ಬೆರೆತ ಅದು ಬರಿಗಣ್ಣಿಗೂ ದುರ್ಬೀನಿಗೂ ಸಿಗುವುದಿಲ್ಲ. ಒಳಗೆ ಹಾಲು ಉಕ್ಕಿ ಒಲೆಯ ಮೇಲೆ ಸುರಿದು ಸೀದ ವಾಸನೆ ಬಂತು. ಹೋಗಲಿಲ್ಲ. ಕೆಂಪು ಚುಕ್ಕೆ ಎಡಕ್ಕೆ ಸರಿಯಿತು. ಏಣಿನಿಂದ ಕೆಳಗಿಳಿಯಿತು. ಹಳದಿಯೂ ಹಿಂದೆಯೇ.

"ಬೇಡ" ಎಂದಳು. ಆಮೇಲೆ ಕೂಗಿದಳು, "ಬೇಡಾ!" ನೇರಕ್ಕೆ ನಾಲ್ಕು ಕಿಲೋಮೀಟರು ದೂರದ ಬೆಟ್ಟಕ್ಕೆ. ಅವಳ ಕೂಗಿಗೆ ಲಿಲೆ ಬೆದರಿ ಅತ್ತಿತು, ಪಕ್ಕದ ಮನೆಯ ನಾಯಿ ಬೊಗಳಿತು.

ಚುಕ್ಕೆಗಳು ನಿಂತವು.

ಎಷ್ಟು ಹೊತ್ತು ಎಂದು ಅವಳಿಗೆ ಇಂದಿಗೂ ಹೇಳಲಾಗುವುದಿಲ್ಲ. ಕೆಂಪು ಚುಕ್ಕೆ ಮೇಲಕ್ಕೆ ಬಂತು. ಹಳದಿ ಮೇಲಕ್ಕೆ ಬಂತು. ಎರಡೂ ಏಣಿನ ಮೇಲೆ ನೇರವಾಗಿ ಮುಂದೆ ನಡೆದವು. ಆಮೇಲೆ ಬಲಕ್ಕೆ ಬೆಟ್ಟದ ಮರೆಗೆ ಹೋದವು. ಅದಾಗಿ ಸ್ವಲ್ಪ ಹೊತ್ತಿಗೇ ಕೊರಕಲಿನ ಉದ್ದಕ್ಕೂ ಬಿಳಿ ಧೂಳು ಎದ್ದಿತು. ಅದರ ಸದ್ದು ಹಳ್ಳಿ ಮುಟ್ಟುವಾಗ ಧೂಳು ಕರಗತೊಡಗಿತ್ತು.

ಇರ್ಮಾ ದುರ್ಬೀನನ್ನು ಕೊರಕಲಿನ ಬುಡಕ್ಕೆ ಇಳಿಸಿದಳು. ಹಿಮದ ಬಿಳಿಯಲ್ಲಿ, ಕಲ್ಲು ಬಂದು ಬೀಳುವ ಜಾಗಕ್ಕೆ ಒಂದು ಮಾರು ದೂರದಲ್ಲಿದೆ ಅನ್ನಿಸುವಂತೆ, ಕಪ್ಪಗೆ ಏನೋ ಒಂದಿತ್ತು. ಬಂಡೆ ಎಂದುಕೊಂಡಳು. ಬಂಡೆ ತಲೆಯ ಮೇಲಿನ ಶಾಲನ್ನು ಸರಿಮಾಡಿಕೊಂಡಿತು.

ಸಂಜೆ ಮೂವರೂ ಒಟ್ಟಿಗೆ ಬಂದರು. ಮಾಕ್ವಾಲಾ ಕುದುರೆಯ ಮೇಲೆ, ರಾಡಿಮ್ ಲಗಾಮು ಹಿಡಿದು, ಹಾನಾ ಹಿಂದೆ. ಅವರನ್ನು ಹುಡುಕಿಕೊಂಡು ಬಂದ ರಕ್ಷಣಾ ತಂಡದವರು ದಾರಿಯಲ್ಲೇ ಸಿಕ್ಕು, ಮುದುಕಿಗೆ ಟೋಪಿ ತೆಗೆದು ವಾಪಸಾಗಿದ್ದರು. ಹೊಳೆ ಬಿಡಲಿಲ್ಲವಂತೆ, ಕುರುಬರ ಗುಡಿಸಲಲ್ಲಿ ಕೂತು ಬೆಳಗಿಗೆ ಮುಂಚೆ ನೀರು ಇಳಿದ ಮೇಲೆ ದಾಟಿದಳಂತೆ. ಡೇರೆ ಖಾಲಿ ಇತ್ತಂತೆ.

"ಮತ್ತೆ ನೀವು ಅಲ್ಲಿಗೆ..." ಎಂದಳು ಇರ್ಮಾ.

"ಅವರನ್ನ ಹಿಡಿಯೋಕಾಗಲ್ಲ. ಕೆಳಗೆ ನಿಂತ್ರೆ ಕಾಣ್ತೀನಲ್ಲ. ಹಿಮದ ಮೇಲೆ ಕಪ್ಪು ಬಟ್ಟೆ. ನಿಮ್ಮ ಪಟ್ಟಣದ ತಿಳಿ ಬಣ್ಣದ ಬಟ್ಟೆ ಆಗಿದ್ರೆ ಕಾಣ್ತಿತ್ತಾ?"

ಹಾನಾಳ ಮುಖ ಇನ್ನೂ ಬಿಳುಪಾಗಿತ್ತು. "ಕೆಳಗೆ ಯಾರೋ ಕೈ ಅಡ್ಡ ಆಡಿಸ್ತಾ ಕೂಗ್ತಿದ್ರು. ಕೊರಕಲು ಇಡೀ ಗುಂಯ್ ಅಂತಿತ್ತು. ಒಂದೇ ಪದ, ಮತ್ತೆ ಮತ್ತೆ. ಅಪಾಯ ಅಂತ ನಿಮ್ಮ ಭಾಷೇಲಿ ಹೇಳ್ತಿದ್ದಾರೆ ಅಂದ್ಕೊಂಡ್ವಿ. ಏನದು, ಇರ್ಮಾ? ಅಂಜೋರ್ ಅಂದ್ರೆ ಏನು?"

ಇರ್ಮಾ ಅತ್ತೆಯ ಕಡೆ ನೋಡಿದಳು. ಮಾಕ್ವಾಲಾ ಬೂಟಿನೊಳಗಿನ ನೀರು ಸುರಿಯುತ್ತಿದ್ದಳು.

"ಅವರ ಹೆಸರು ನಂಗೆ ಗೊತ್ತಿರ್ಲಿಲ್ಲ" ಎಂದಳು. "ಬಾಯಿಗೆ ಬಂದಿದ್ದನ್ನ ಕೂಗಿದೆ."

ಶುಕ್ರವಾರ ಗೇಗಿ ಬಂದ. ವಿಷಯ ಕೇಳಿ ಊಟ ಬಿಟ್ಟು ಎದ್ದ. ಗುಡ್ಡೆ ಬಿಚ್ಚಿ ಬರುತ್ತೇನೆ ಎಂದು ಹೇಳಲು ಅವನಿಗೆ ನಾಲಿಗೆ ಬರಲಿಲ್ಲ, ಬೇಡವೆನ್ನಲೂ ಬರಲಿಲ್ಲ. ತಾಯಿಯೇ ಬೆಳಿಗ್ಗೆ ರೊಟ್ಟಿ ಕಟ್ಟಿ ಬಾಗಿಲಲ್ಲಿಟ್ಟಳು. "ಅವನು ಮನೆಗೆ ಬಂದಾಗಿದೆ. ಕಲ್ಲಿನ ಹತ್ರ ಯಾರೂ ಇಲ್ಲ. ಹೋಗು." ಅವನು ಹೋಗಿ ಒಂದೊಂದೇ ಕಲ್ಲನ್ನು ಕೊರಕಲಿಗೆ ಎಸೆದು ಬಂದ. ಇರ್ಮಾ ನೀಲಿ ಪುಸ್ತಕದ ಲೇಖಕನಿಗೆ ಕಾಗದ ಬರೆದಳು. ಉತ್ತರ ಬೇಗನೆ, ಬಹಳ ವಿನಯದಿಂದ ಬಂತು. ಮುಂದಿನ ಮುದ್ರಣದಲ್ಲಿ ತಿದ್ದಲಾಗುವುದು. ಅದಕ್ಕೆ ನಾಲ್ಕೈದು ವರ್ಷ ಹಿಡಿಯಬಹುದು.

ಮರುವರ್ಷ ಜೂನ್ ತಿಂಗಳಿನಲ್ಲಿ ಟಿಬಿಲಿಸಿಗೆ ಹೋಗಿ ಎರಡು ತಿಂಗಳು ತಾಯಿಯ ಮನೆಯಲ್ಲಿ ಇದ್ದು ಬರಬೇಕೆಂದು ಇರ್ಮಾ ಚೀಲ ಕಟ್ಟಿದ್ದಳು. ಆ ವರ್ಷ ಮೊದಲ ಸಲ ಲಾಖ್ರಾ ಹತ್ತಿ ಇಳಿದ ಗೇಗಿ ಬೂಟು ಬಿಚ್ಚದೆ ಜಗಲಿಯಲ್ಲಿ ಕೂತ.

"ಗುಡ್ಡೆ ಮತ್ತೆ ಅಲ್ಲೇ ಇದೆ."

"ಏನಂದೆ?"

"ಯಾರೋ ಪುಣ್ಯಾತ್ಮರು ಪುಸ್ತಕ ನೋಡ್ಕೊಂಡು ಬಂದಿದ್ದಾರೆ. ಗುರುತು ಬಿದ್ದು ಹೋಗಿದೆ ಪಾಪ ಅಂತ ಮತ್ತೆ ಕಟ್ಟಿದ್ದಾರೆ. ಫೋಟೋದಲ್ಲಿ ಇದ್ದ ಹಾಗೇ. ನಾನು ಕಟ್ಟಿದ್ದಕ್ಕಿಂತ ಚೆನ್ನಾಗಿ."

ಅವನು ಮತ್ತೆ ಬಿಚ್ಚಿದ್ದ. ಜನ ಮತ್ತೆ ಕಟ್ಟುತ್ತಾರೆ. ಎಷ್ಟು ಸಾವಿರ ಪ್ರತಿ ಎಷ್ಟು ಊರುಗಳ ಅಂಗಡಿಯಲ್ಲಿವೆಯೋ, ಅಷ್ಟು ಜನ. ಇರ್ಮಾ ಚೀಲ ಬಿಚ್ಚಿ ಲಿಲೆಯ ಬಟ್ಟೆಗಳನ್ನು ಪೆಟ್ಟಿಗೆಗೆ ಹಾಕಿದಳು. ಅಂದಿನಿಂದ ಹಳ್ಳಿಯ ದಾರಿಯಲ್ಲಿ ಹಗ್ಗ ಹೊತ್ತವರು ಕಂಡರೆ ಸಾಕು, ಮಗುವನ್ನು ಎತ್ತಿಕೊಂಡು, ಪೆನ್ನು ಹಿಡಿದು ಗೇಟಿಗೆ ಬರುತ್ತಾಳೆ. ಯಾವ ಪುಸ್ತಕ ತಂದಿದ್ದೀರಿ ಎಂದು ಕೇಳುತ್ತಾಳೆ. ನೀಲಿದಾದರೆ ಕಸಿದುಕೊಂಡು ನೂರಾ ಹನ್ನೆರಡನೆಯ ಪುಟದ ಸಾಲನ್ನು ಕಾಗದ ಹರಿಯುವಂತೆ ಹೊಡೆದುಹಾಕಿ ಕೊಡುತ್ತಾಳೆ. ಕೆಲವರು ಬೈಯುತ್ತಾರೆ. ದುಡ್ಡು ಕೊಟ್ಟು ತಂದ ಪುಸ್ತಕ ಹಾಳು ಮಾಡುತ್ತೀರಾ ಎನ್ನುತ್ತಾರೆ.

ಮೊನ್ನೆ ಬಂದ ಪೋಲೆಂಡಿನ ಹುಡುಗ ಬೈಯಲಿಲ್ಲ, ನಕ್ಕ.

"ನನ್ನ ಹತ್ರ ಪುಸ್ತಕ ಇಲ್ಲ. ಫೋನಿನಲ್ಲಿ ಇಳಿಸ್ಕೊಂಡಿದ್ದೀನಿ. ಎಲ್ಲಿ ಗೀಚ್ತೀರಿ?"

ಇರ್ಮಾ ಮಗುವನ್ನು ಅವನ ಒಂದು ತೋಳಿಗೆ ಕೊಟ್ಟು, ಇನ್ನೊಂದು ಕೈಯನ್ನು ಹಿಡಿದೆಳೆದು, ಅಂಗೈ ಮೇಲೆ ಮಾಡಿ ಬರೆಯತೊಡಗಿದಳು: ಕಲ್ಲುಗುಡ್ಡೆ ಕಂಡರೆ ನಿಲ್ಲಬೇಡ. ಕೆಂಪು ಬಂಡೆ. ಬಲಕ್ಕೆ.

ಜಗಲಿಯಿಂದ ಮಾಕ್ವಾಲಾ ಕೂಗಿದಳು. "ಅಂಗೈಗೆ ಬೇಡ ಹುಡುಗಿ, ಹಗ್ಗ ಹಿಡಿದ್ರೆ ಅಳಿಸಿ ಹೋಗತ್ತೆ. ತೋಳಿನ ಮೇಲೆ ಬರಿ."